ಕೀಲಿ ಹಾಕಿದ ಲ್ಯಾಬಿನ ಕಾಕಾ

ಮೊನ್ನೆ ಗಂಗಾವತಿಯ ನಮ್ಮ ಕಾಲೇಜಿನಲ್ಲಿ ಕ್ರೀಡಾ ವಿಭಾಗದ ಹಳೆಯ ಕಪಾಟು ತೆಗೆದಾಗ ಡಾಂಬರು ಗುಳಿಗೆಯ ವಾಸನೆ ಮುಖಕ್ಕೆ ಬಡಿಯಿತು. ಬೇರೆಯವರಿಗೆ ಆ ವಾಸನೆಯಿಂದ ಅಮ್ಮನ ರೇಷ್ಮೆ ಸೀರೆ ನೆನಪಾದೀತು. ನನಗೆ ನೆನಪಾದದ್ದು ಕೊಪ್ಪಳದಲ್ಲಿ ದೈಹಿಕ ಶಿಕ್ಷಣ ಓದುವಾಗಿನ ನಮ್ಮ ಲ್ಯಾಬು ಮತ್ತು ಅದರ ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿಕೊಂಡಿರುತ್ತಿದ್ದ ಕಾಕಾ.

ಕಾಕಾ ಲ್ಯಾಬಿನ ಅಟೆಂಡರ್. ಬಹಳ ವರ್ಷಗಳಿಂದ ಗುತ್ತಿಗೆಯ ಮೇಲೆ ದುಡಿಯುತ್ತಿದ್ದರು. ಖಾಯಂ ಮಾಡುವ ಫೈಲು ಮೇಲಕ್ಕೆ ಹೋಗಿದೆ ಎಂದು ಯಾರೋ ಹೇಳಿದ್ದರಿಂದ ಆ ವರ್ಷ ಅವರ ನಡಿಗೆಯಲ್ಲೇ ಒಂದು ಹುರುಪಿತ್ತು. ಉಸಿರು ಅಳೆಯುವ ಯಂತ್ರ, ಚರ್ಮದ ಕೆಳಗಿನ ಕೊಬ್ಬು ಅಳೆಯುವ ಚಿಮಟ, ತುಳಿಯುವ ಸೈಕಲ್ಲು, ಎಲ್ಲದಕ್ಕೂ ಅವರೇ ಹಳೆಯ ಧೋತರ ಹರಿದು ಮುಸುಕು ಹೊಲಿದಿದ್ದರು. ಹುಳ ಹತ್ತಬಾರದೆಂದು ಪೆಟ್ಟಿಗೆಗೊಂದು ಡಾಂಬರು ಗುಳಿಗೆ. ಮಧ್ಯದಲ್ಲಿ ಟ್ರೆಡ್‌ಮಿಲ್, ಊರಿಗೊಬ್ಬಳೇ ಪದ್ಮಾವತಿ. ಅದರ ಪ್ಲಾಸ್ಟಿಕ್ಕನ್ನು ಬಿಚ್ಚುತ್ತಿದ್ದದ್ದು ಆಯುಧ ಪೂಜೆಯ ದಿನ ಮಾತ್ರ. ವಿಭೂತಿ, ಕುಂಕುಮ, ಒಂದು ಚೆಂಡುಹೂವಿನ ಮಾಲೆ, ಮತ್ತೆ ಪ್ಲಾಸ್ಟಿಕ್ಕು.

ತಪ್ಪು ಕಾಕಾನದಲ್ಲ. ತಪಾಸಣೆಗೆ ಬರುವವರಿಗೆ ಎಲ್ಲವೂ ಹೊಸದರಂತೆ ಕಾಣಬೇಕು, ಹುಡುಗರ ಕೈ ತಾಗಿದರೆ ಕೆಡುತ್ತವೆ, ಹಾಗಾಗಿ ಕೀಲಿ ತೆಗೆಯಕೂಡದು ಎಂದು ನಮ್ಮ ವಿಭಾಗದ ಮುಖ್ಯಸ್ಥರೇ ಹೇಳಿಟ್ಟಿದ್ದರು. ಇದು ನಮಗೆಲ್ಲರಿಗೂ ಗೊತ್ತಿತ್ತು. ಅವರು ಬೋರ್ಡಿನ ಮೇಲೆ ಟ್ರೆಡ್‌ಮಿಲ್ಲಿನ ಚಿತ್ರ ಬಿಡಿಸಿ ಪಾಠ ಮಾಡುತ್ತಿದ್ದರು. ಪ್ರಾಕ್ಟಿಕಲ್ ರೆಕಾರ್ಡನ್ನು ಹಿಂದಿನ ವರ್ಷದವರದು ನೋಡಿ ಬರೆಯುತ್ತಿದ್ದೆವು. ನನ್ನ ಹೆಸರಿನ ಮುಂದಿದ್ದ ನಾಡಿಬಡಿತ ಯಲಬುರ್ಗಾದ ಯಾವನೋ ಸೀನಿಯರ್‌ನದು. ಆ ಪುಣ್ಯಾತ್ಮನೂ ಅದನ್ನು ಯಾರದ್ದೋ ನೋಡಿ ಬರೆದಿದ್ದನೋ ಏನೋ...

ಒಮ್ಮೆ ಸರ್ ರಜೆ ಹಾಕಿದ್ದರು. ನಾನು ಲ್ಯಾಬಿನ ಕಿಟಕಿಯಲ್ಲಿ ಇಣುಕುತ್ತಿದ್ದುದನ್ನು ನೋಡಿ ಕಾಕಾ ಸುತ್ತಮುತ್ತ ಕಣ್ಣಾಡಿಸಿ ಕೀಲಿ ತೆಗೆದರು. ಮುಷ್ಟಿಯ ಬಲ ಅಳೆಯುವ ಉಪಕರಣವನ್ನು ನನ್ನ ಕೈಗಿಟ್ಟು, "ನೆಟ್ಟಗ ನಿಂದ್ರವ್ವಾ, ಕೈ ಮೈಗೆ ತಾಗಿಸಬ್ಯಾಡ. ಈಗ ಹಿಚುಕು" ಅಂದರು. ಯಂತ್ರಗಳನ್ನು ಜೋಡಿಸಲು ಬಂದಿದ್ದ ಕಂಪನಿಯವನು ಹೇಳಿದ್ದನ್ನೆಲ್ಲ ಅವರು ಬಾಯಿಪಾಠ ಮಾಡಿದ್ದರು. ಮುಳ್ಳು ಮೇಲಕ್ಕೇರಿದಾಗ, "ಹುಡುಗೂರಕಿಂತ ಭಾಳ ಛಲೋ ಅದ ನೋಡು ನಿನ್ನ ಕೈ!" ಎಂದು ಚಪ್ಪಾಳೆ ತಟ್ಟಿದರು. ಆಮೇಲೆ ದನಿ ತಗ್ಗಿಸಿ, "ಸಾಹೇಬ್ರಿಗೆ ಹೇಳಬ್ಯಾಡವ್ವಾ. ನನ್ನ ಫೈಲ್ ಐತಿ ಮ್ಯಾಲೆ" ಅಂದರು. ಎರಡು ವರ್ಷದಲ್ಲಿ ನಾನು ನಿಜವಾಗಿ ಮಾಡಿದ ಪ್ರಯೋಗ ಅದೊಂದೇ.

ತಪಾಸಣೆಯವರು ಬಂದರು. ಮುಸುಕುಗಳನ್ನೆಲ್ಲ ಬಿಚ್ಚಿಟ್ಟಿದ್ದರು. ಸಮಿತಿಯಲ್ಲಿದ್ದ ಒಬ್ಬ ಹಿರಿಯ ಮೇಡಂ, ಯಾರಾದರೂ ಟ್ರೆಡ್‌ಮಿಲ್ ಓಡಿಸಿ ತೋರಿಸಿ ಎಂದರು. ಸರ್ ನನ್ನತ್ತ ಬೆರಳು ಮಾಡಿದರು. ಹತ್ತಿ ನಿಂತೆ. ಯಾವ ಗುಂಡಿ ಒತ್ತಬೇಕೆಂದು ಗೊತ್ತಿಲ್ಲ. ಗುಂಡಿಯ ಸಂದಿಯಲ್ಲಿ ಇನ್ನೂ ಕುಂಕುಮ ಇತ್ತು. ಅದನ್ನೇ ಉಗುರಿನಿಂದ ಕೆರೆಯುತ್ತ ನಿಂತೆ.

"ಇದನ್ನು ಒಮ್ಮೆಯೂ ಬಳಸಿಲ್ಲವೇನಮ್ಮಾ? ಯಾಕೆ?" ಎಂದು ಮೇಡಂ ಕೇಳಿದರು.

ಸರ್ ನನ್ನನ್ನೇ ನೋಡುತ್ತಿದ್ದರು. ನನ್ನ ಆಂತರಿಕ ಅಂಕಗಳು ಅವರ ಕೈಯಲ್ಲಿದ್ದವು. ಕಾಕಾ ಬಾಗಿಲ ಬಳಿ ನೀರಿನ ಲೋಟಗಳ ತಟ್ಟೆ ಹಿಡಿದು ನಿಂತಿದ್ದರು.

"ಕಾಕಾ ಕೀಲಿ ತಗಿಯೂದಿಲ್ರಿ" ಅಂದೆ.

ಕೀಲಿ ತೆಗೆಯಬೇಡ ಅಂದದ್ದು ಸರ್ ಎಂದು ಕಾಕಾ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ತಟ್ಟೆಯನ್ನು ಮೇಜಿನ ಮೇಲಿಟ್ಟು, "ಹೌದ್ರಿ ಮೇಡಂ, ನನ್ನದ ತಪ್ಪು" ಅಂದರು. ಮುಂದಿನ ಸೋಮವಾರ ಅವರ ಸ್ಟೂಲಿನ ಮೇಲೆ ಬೇರೊಬ್ಬರು ಕುಳಿತಿದ್ದರು. ಲ್ಯಾಬಿಗೆ ಕೀಲಿ ಹಾಗೆಯೇ ಇತ್ತು. ನನಗೆ ಅಂಕ ಚೆನ್ನಾಗಿಯೇ ಬಂದವು. ನಾಚಿಕೆಯಾಗುತ್ತದೆ ಇದನ್ನು ಬರೆಯಲು.

ಆ ವಾಸನೆ ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಕಳೆದ ಭಾನುವಾರ ಕೊಪ್ಪಳದ ಪಕ್ಕದ ಭಾಗ್ಯನಗರಕ್ಕೆ ಹೋಗಿ ಕಾಕಾನ ಮನೆ ಹುಡುಕಿದೆ. ಇಷ್ಟು ವರ್ಷ ಗಂಗಾವತಿಯಿಂದ ಕೊಪ್ಪಳಕ್ಕೆ ಎಷ್ಟು ಸಲ ಓಡಾಡಿದ್ದೇನೋ, ಒಮ್ಮೆಯೂ ಆ ಕಡೆ ಕಾಲಿಟ್ಟಿರಲಿಲ್ಲ. ಬಾಗಿಲು ತೆರೆದದ್ದು ಕಾಕಾನ ಹೆಂಡತಿ. ಆ ಲ್ಯಾಬಿನಲ್ಲಿ ಓದಿದವಳು, ಈಗ ನಾನೂ ಪಾಠ ಮಾಡುತ್ತೇನೆ ಎಂದೆ. ಚಾಪೆ ಹಾಸಿ ಕೂರಿಸಿದರು.

"ಹ್ವಾದ ಶ್ರಾವಣದಾಗ ತೀರಿಕೊಂಡ್ರು ನೋಡ್ರಿ ಅಕ್ಕೋರ. ಕಡೀತನಕ ಕಾರಟಗ್ಯಾಗ ಅಕ್ಕಿ ಗಿರಣಿ ಕಾದ್ರು."

ಚಹಾದ ಲೋಟ ಕೈಗಿಡುತ್ತ ಅವರೇ ಮುಂದುವರಿಸಿದರು. "ಲ್ಯಾಬಿನ ಕೆಲಸ ಹ್ವಾದಾಗ ಒಬ್ಬಾಕಿ ಹುಡುಗಿ ಇವರ ಪರವಾಗಿ ಸಾಹೇಬ್ರ ಜೋಡಿ ಜಗಳಾನ ಮಾಡಿದ್ಲಂತ್ರಿ. ನನಗ ಯಾರೂ ಇರಲಿಲ್ಲ ಅನಬ್ಯಾಡ, ಆಕಿ ಇದ್ಲು ಅಂತ ಯಾವಾಗಲೂ ಹೇಳತಿದ್ರು. ನಿಮ್ಮ ಕ್ಲಾಸಿನಾಕಿನ ಇರಬೇಕು. ಯಾರಂತ ಗೊತ್ತೇನ್ರಿ?"

ಗೊತ್ತಿಲ್ಲ ಎಂದೆ. ಅಂಥ ಹುಡುಗಿ ನಮ್ಮ ತರಗತಿಯಲ್ಲಿ ಇರಲೇ ಇಲ್ಲ.