ಉಸುಕಿನ ಚೀಲ

ಕಮಲಾಪುರದಿಂದ ಬಂದ ಗೋಣಿಗಂಟು ಬಿಚ್ಚಿದಾಗ ಮೊದಲು ಮೂಗಿಗೆ ಬಂದದ್ದು ವಾಸನೆ. ಕೆರೆಯ ಒಣಗಿದ ಕೆಸರು, ತುಕ್ಕು, ಹಳೆಯ ಮೀನು... ಒಳಗೆ ಏಡಿ ಹಿಡಿಯುವ ತಂತಿಬುಟ್ಟಿಯೊಂದಿತ್ತು. ಅದನ್ನು ಹೆಣೆದವರು ನನ್ನ ತವರಿನ ಪಕ್ಕದ ಮನೆಯ ಕಾಕಾ. ಅವರು ತೀರಿಕೊಂಡ ಮೇಲೆ ಕಾಕಿ ಅದನ್ನು ಕಲಬುರಗಿಗೆ, ನನಗೆ ಕಳಿಸಿದ್ದರು. ಫೋನ್ ಮಾಡಿದೆ.

"ಕೆರಿ ಕಡಿ ಮಾರಿ ಮಾಡ್ಲಿಕ್ಕೇ ಆಗವಲ್ದು ಯವ್ವಾ. ನನಗ್ಯಾಕ ಬೇಕು ಅದು?" ಎಂದರು.

ಒಂದು ಕಾಲಕ್ಕೆ ನನಗೂ ಹಾಗೆಯೇ ಆಗಿತ್ತು. ಅದೇ ಕೆರೆಯಲ್ಲಿ ನನ್ನ ತಮ್ಮ ಮುಳುಗಿ ಹೋದ. ಅವನನ್ನು ದಡಕ್ಕೆ ತಂದವರು ಕಾಕಾ. ನಾನು ಅಲ್ಲೇ ನಿಂತಿದ್ದೆ. ಅವನ ಒಂದು ಕಾಲಿನಲ್ಲಿ ಚಪ್ಪಲಿ ಹಾಗೇ ಇತ್ತು... ಆಮೇಲೆ ತವರಿಗೆ ಹೋದಾಗಲೆಲ್ಲ ಕೆರೆಯ ದಾರಿ ಬಿಟ್ಟು ಸುತ್ತಿ ಹೋಗುತ್ತಿದ್ದೆ.

ಕಾಕಾ ಕಲಬುರಗಿಯ ಗುಜರಿಯಿಂದ ಒಂದು ಹಳದಿ ಕಯಾಕ್ ತಂದಿದ್ದರು. ಒಬ್ಬರ ಹಿಂದೊಬ್ಬರು ಕೂರುವ, ಉದ್ದನೆಯ ಪ್ಲಾಸ್ಟಿಕ್ ದೋಣಿ. ಮುಂದೆ ಅವರು ಮತ್ತು ಬುಟ್ಟಿಗಳು. ಹಿಂದೆ ತೂಕ ಸರಿಹೋಗಲೆಂದು ಉಸುಕಿನ ಚೀಲ.

"ಕಾಕಾ, ನಮ್ಮೂರ ಬಾಳಿಹಣ್ಣು ಕೆಂಪಗಿರ್ತದ. ನಿಮ್ದು ಹಳದಿ ಯಾಕ್ರೀ?" ಎಂದು ಬಟ್ಟೆ ಒಗೆಯುವ ಹೆಂಗಸರು ಕಾಡುತ್ತಿದ್ದರು.

"ಅದು ತಿನ್ನೋ ಬಾಳಿ, ಇದು ಕೂಡೋ ಬಾಳಿ!" ಎನ್ನುತ್ತಿದ್ದರು ಕಾಕಾ.

ನಾನು ತವರಿಗೆ ಬಂದಿದ್ದಾಗ ಒಂದು ಬೆಳಿಗ್ಗೆ ನಮ್ಮ ಬಾಗಿಲಿಗೆ ಬಂದರು. "ಹಿಂದ ಕೂಡ್ಲಿಕ್ಕಿ ಒಬ್ರು ಬೇಕಾಗ್ಯಾರ ಯವ್ವಾ. ಚೀಲ ಹರದದ."

ತಮ್ಮನನ್ನು ಎತ್ತಿ ತಂದ ಕೈ ಅದು. ಇಲ್ಲ ಎನ್ನಲಾಗಲಿಲ್ಲ. ದಡದಲ್ಲಿ ಚೀಲ ಇಳಿಸಿಟ್ಟಿದ್ದರು. ಎಲ್ಲಿಯೂ ಹರಿದಿರಲಿಲ್ಲ. ನಾನು ನೋಡಿದ್ದನ್ನು ಅವರೂ ನೋಡಿದರು. ನನಗೆ ಲೈಫ್ ಜಾಕೆಟ್ ಹಾಕಿಸಿ, ಬಕಲ್ ಜಗ್ಗಿ ನೋಡಿದರು.

ಬುಟ್ಟಿಯ ನಡುವೆ ಮೀನಿನ ತಲೆ, ತಳಕ್ಕೊಂದು ಕಲ್ಲು, ಹಗ್ಗದ ತುದಿಗೆ ತೇಲಲು ಖಾಲಿ ಬಾಟಲಿ. ಅವರು ಇಳಿಸುತ್ತ ಹೋದರು. ಸಂಜೆ ಎತ್ತುವಾಗ ಹಗ್ಗವನ್ನು ನನ್ನ ಕೈಗೆ ಕೊಟ್ಟರು. ನಾನು ಬಗ್ಗಿದೆ, ದೋಣಿ ವಾಲಿತು, ಚೀರಿಬಿಟ್ಟೆ. ಕಾಕಾ ಇನ್ನೊಂದು ಬದಿಗೆ ಭಾರ ಹಾಕಿ ನಿಲ್ಲಿಸಿದರು.

"ನೀರಿನ ಕಡಿ ನೀ ಬಾಗಬ್ಯಾಡ. ಹಗ್ಗ ನಿನ್ನ ಕಡಿ ತಗೋ."

ತೆಗೆದುಕೊಂಡೆ. ಬುಟ್ಟಿಯಲ್ಲಿ ಹೊಟ್ಟೆಯಡಿ ಮರಿಗಳನ್ನು ಹೊತ್ತ ಒಂದು ಏಡಿ ಇತ್ತು. ಮರಿ ಇರುವುದನ್ನು ಅವರು ಇಟ್ಟುಕೊಳ್ಳುತ್ತಿರಲಿಲ್ಲ. ಅದನ್ನು ನೀರಿಗೆ ಬಿಡಲು ಕೈ ಇಳಿಸಿದೆ. ತಮ್ಮ ಹೋದ ಮೇಲೆ ಮೊದಲ ಸಲ ಆ ನೀರನ್ನು ಮುಟ್ಟಿದ್ದೆ... ಬೆಚ್ಚಗಿತ್ತು.

ಈ ಭಾನುವಾರ ಬುಟ್ಟಿ ಹಿಡಿದು ಕಮಲಾಪುರಕ್ಕೆ ಹೋದೆ. ನನ್ನ ಒತ್ತಾಯಕ್ಕೆ ಕಾಕಿ ದಡದವರೆಗೆ ಬಂದು ಸೆರಗು ಬಿಗಿಹಿಡಿದು ನಿಂತರು. ನಾನು ಕಯಾಕಿನ ಹಿಂದಿನ ಸೀಟಿನ ಚೀಲವನ್ನು ಇಳಿಸಿದೆ.

"ಕಾಕಿ, ಹಿಂದ ಕೂಡ್ಲಿಕ್ಕಿ ಒಬ್ರು ಬೇಕಾಗ್ಯಾರ. ಚೀಲ ಹರದದ."

ಕಾಕಿ ಚೀಲ ನೋಡಿದರು, ನನ್ನನ್ನು ನೋಡಿದರು. "ಸುಳ್ಳು ಸುದ್ದಾ ಅವರಂಗೇ ಹೇಳ್ತಿ ನೋಡು," ಎಂದು ಕಣ್ಣೊರೆಸಿಕೊಂಡು ಜಾಕೆಟಿಗೆ ಕೈ ಚಾಚಿದರು.

ಕಾಕಾ ಕೂರುತ್ತಿದ್ದ ಸೀಟು ನನಗೆ ಅಗಲವಾಯಿತು. ಬುಟ್ಟಿ ಇಳಿಸಿದೆ. ಬಾಟಲಿ ಒಂದು ಸಲ ಮುಳುಗಿ, ಮೇಲೆದ್ದು ನಿಂತಿತು.