ನಾಲ್ಕನೇ ಷರತ್ತು

ವಕೀಲಿ ಶುರುಮಾಡಿದ ಹೊಸದರಲ್ಲಿ ನನಗೆ ಕಕ್ಷಿದಾರರಿಗಿಂತ ಕೋರ್ಟಿನ ಕನ್ನಡದ ಮೇಲೆಯೇ ಪ್ರೀತಿ ಹೆಚ್ಚು. ‘ಸದರಿ ಸ್ವತ್ತು’, ‘ಉಭಯ ಪಕ್ಷಗಾರರು’, ‘ಯಾವುದೇ ತಕರಾರು ಇರುವುದಿಲ್ಲ’ ಎಂದೆಲ್ಲ ಬರೆಯುವಾಗ ಭಾರೀ ದೊಡ್ಡ ಮನುಷ್ಯನಾದೆ ಅನ್ನಿಸುತ್ತಿತ್ತು. ತೊಂಬತ್ತರ ದಶಕ. ವಾಡಿಯಿಂದ ದಿನಾ ರೈಲು ಹಿಡಿದು ಕೋರ್ಟಿಗೆ ಹೋಗುತ್ತಿದ್ದೆ.

ಕಾಳಗಿ ಕಡೆಯ ಒಬ್ಬ ಹೆಣ್ಣುಮಗಳ ಕೇಸು ನಮ್ಮ ಹಿರಿಯ ವಕೀಲರ ಹತ್ತಿರ ಇತ್ತು. ಗಂಡ ಬಿಟ್ಟ ಮೇಲೆ ಆಕೆ ತವರುಮನೆಯ ಹಿಂದಿನ ಖೋಲಿಯಲ್ಲಿದ್ದಳು. ಅದನ್ನು ಬಿಡಿಸಿಕೊಡಿ ಎಂದು ಒಡಹುಟ್ಟಿದ ಅಣ್ಣನೇ ದಾವೆ ಹಾಕಿದ್ದ. ವಾಯಿದೆ ಮೇಲೆ ವಾಯಿದೆ ಬಿದ್ದು ಕೊನೆಗೆ ರಾಜಿಗೆ ಬಂತು. ಎರಡೂ ಕಡೆಯ ವಕೀಲರು ಷರತ್ತು ಗೊತ್ತುಮಾಡಿದರು. ರಾಜಿ ಅರ್ಜಿ ಬರೆದು ಆಕೆಗೆ ತಿಳಿಸಿ ಹೇಳುವ ಕೆಲಸ ನನಗೆ ಬಿಟ್ಟರು.

ಮೂರು ಷರತ್ತು ಓದಿ ಹೇಳಿದೆ. ಎರಡು ವರ್ಷದ ನಂತರ ಆಕೆ ಖೋಲಿ ಖಾಲಿ ಮಾಡಬೇಕೆನ್ನುವುದು ನಾಲ್ಕನೆಯದು. ಅಷ್ಟರಲ್ಲಿ ನಮ್ಮ ಕೇಸು ಕೂಗಿದರು. ನ್ಯಾಯಾಧೀಶರ ಹತ್ತಿರ ಹತ್ತು ನಿಮಿಷ ಸಮಯ ಕೇಳಿದ್ದರೆ ಸಿಗುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಓದಿದರೆ ಆಕೆ ಒಪ್ಪುವುದಿಲ್ಲವೆಂದು ನನಗೆ ಗೊತ್ತಿತ್ತು. ಕೂಗಿದ್ದೇ ಒಳ್ಳೆಯದಾಯಿತು ಅಂದುಕೊಂಡೆ.

“ಉಳದದ್ದೂ ಹಿಂಗೇ ಅದವ್ವ, ಹೆಬ್ಬಟ್ಟು ಒತ್ತು.”

‘ಕನ್ನಡದಲ್ಲಿ ಓದಿ ಹೇಳಲಾಗಿದೆ, ಸರಿಯಿದೆಯೆಂದು ಒಪ್ಪಿರುತ್ತಾರೆ’ ಎಂದು ಕೆಳಗೆ ಬರೆದು ಸಹಿ ಹಾಕಿದೆ.

ಮರುವಾರ ಆಕೆ ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದಳು. “ನನ್ನ ಖೋಲಿ ಉಳಿಸಿಕೊಟ್ರಿ ವಕೀಲ್ ಸಾಹೇಬ್ರ” ಅಂದಳು. ನಾನು ಎರಡು ತಿಂದೆ.

ಎರಡು ವರ್ಷ ತುಂಬಿದ್ದೇ ತಡ, ರಾಜಿಯ ಮೇಲೆ ಆದ ಡಿಕ್ರಿಯಂತೆ ಖೋಲಿ ಬಿಡಿಸಿಕೊಡಿ ಎಂದು ಅಣ್ಣ ಅಮಲ್‌ಜಾರಿ ಅರ್ಜಿ ಹಾಕಿದ. ಇಂಥ ಷರತ್ತು ತನಗೆ ಗೊತ್ತೇ ಇಲ್ಲವೆಂದು ಆಕೆ ಅತ್ತಳು. ನ್ಯಾಯಾಧೀಶರು ರಾಜಿ ಅರ್ಜಿ ತೆಗೆಸಿ ನೋಡಿ, “ಇದನ್ನು ನಿಮಗೆ ಓದಿ ಹೇಳಿದ್ದರೋ ಇಲ್ಲವೋ?” ಎಂದು ಕೇಳಿದರು.

ಆಕೆ ನನ್ನ ಕಡೆ ನೋಡಿದಳು. ನನ್ನ ಮುಖ ಬಿಳಿಚಿದ್ದು ಆಕೆಗೆ ಕಂಡಿರಬೇಕು.

“ಹೇಳ್ಯಾರ್ರಿ ಸಾಹೇಬ್ರ. ಪೂರಾ ಓದಿ ಹೇಳ್ಯಾರ. ನನ್ನ ತೆಲಿಗೇ ಹತ್ತಲಿಲ್ಲ.”

ಎದ್ದು ನಿಂತು ಒಂದು ಮಾತು ಹೇಳಿದ್ದರೆ ಸಾಕಿತ್ತು. ವಕೀಲಿ ಸನದು ಹೋದೀತೆಂದು ಹೆದರಿ ಬಾಯಿ ಮುಚ್ಚಿಕೊಂಡು ಕೂತೆ. ನೆನೆದರೆ ಈಗಲೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ. ಆಕೆಯ ತಕರಾರು ವಜಾ ಆಯಿತು.

ಹೊರಗೆ ಬಂದಾಗ ಆಕೆಯೇ ನನಗೆ ಸಮಾಧಾನ ಹೇಳಿದಳು: “ಅಂಜಬ್ಯಾಡ್ರಿ. ನಾ ಯಾರ ಮುಂದೂ ಹೇಳಂಗಿಲ್ಲ.”

ಮುಂದೆ ಆಕೆ ಶಹಾಬಾದಿನಲ್ಲಿ ಯಾರದೋ ಪಡಸಾಲೆಯಲ್ಲಿ ಇದ್ದಾಳೆಂದು ಕೇಳಿದೆ. ಕೋರ್ಟು ಮುಗಿಸಿ ನಾನು ದಿನಾ ಸಂಜೆ ರೈಲು ಇಳಿಯುವ ವಾಡಿಯಿಂದ ಮುಂದಿನ ಊರೇ ಅದು. ಒಂದು ಸಲವೂ ಹೋಗಲಿಲ್ಲ.