ಬಿದ್ದರ ನನಗ ಬಂದು ಹೇಳು

ನಮ್ಮತ್ತಿ ಮೊಣಕಾಲಿಗೆ ಸ್ಪ್ರೇ ಹೊಡಕೊಂಡಳಂದ್ರ ಅದರ ವಾಸನಿ ನಮ್ಮ ಮನ್ಯಾಗ ಅಷ್ಟ ಅಲ್ಲ, ಗೋವಾದ ಝುವಾರಿನಗರದ ಈ ಓಣ್ಯಾಗ ಬಾಜೂಕಿನ ಮನಿಗಳಿಗೂ ಹೊಕ್ಕೈತಿ. ಇವತ್ತು ಮುಂಜಾನಿ ನಾ ರೊಟ್ಟಿ ಬಡ್ಯಾಕತ್ತಿದ್ದೆ, ಹಿಂದಿನಿಂದ ಫುಸ್ ಅಂತು. ಆಟಗಾರರು ಬಿದ್ದು ನರಳಾಕತ್ತಿದಾಗ ಒಬ್ಬಾಂವ ಚೀಲ ಹಿಡಕೊಂಡು ಓಡಿ ಬಂದು ಹೊಡೀತಾನಲ್ಲ, ಅದ ಡಬ್ಬಿ. ಒಂದು ಕಾಲಕ್ಕ ಫುಟ್‌ಬಾಲ್ ಅಂದ್ರ ಹಲ್ಲು ಕಡೀತಿದ್ದ ಮುದುಕಿಗೆ ಈಗ ಫುಟ್‌ಬಾಲಿನ ಔಷಧ ಇಲ್ಲದೆ ಹಾಸಿಗಿ ಬಿಟ್ಟು ಏಳಾಕ ಬರೂದಿಲ್ಲ. ಹಂಗಂತ ನಾ ಅಂದ್ರ, "ನಿನ್ನ ರೊಟ್ಟಿ ನೋಡ್ಕೊ, ಹೊತ್ತಾಕತ್ತಾವ" ಅಂತಾಳ. ಖರೇನ ಹೊತ್ತಿದ್ವು.

ಆ ವಾಸನಿ ಬಂದ್ರ ನನಗ ಒಂದು ಐತವಾರ ನೆನಪಾಕ್ಕೈತಿ. ನನ್ನ ಮಗಳು ಚಿನ್ನಿನ್ನ ಮೊದಲ ಸಲ ಕಾಲೇಜಿನ ಮ್ಯಾಚ್ ನೋಡಾಕ ಕರಕೊಂಡು ಹೋದ ಐತವಾರ. ಅಕಿ ಆಗ ಐದು ವರ್ಷದಾಕಿ. ಕರಕೊಂಡು ಹೋದೆ ಅನ್ನೂದೂ ಸುಳ್ಳ ನೋಡ್ರಿ, ಅಕಿನ್ನ ಕಾವಲಿಗೆ ಅಂತ ಕಳಿಸಿದ್ರು. ನಮ್ಮ ವಿಜಾಪುರ ಕಡೆ ಹರೇದ ಹುಡುಗಿ ಹೊರಗ ಹೊಂಟಳಂದ್ರ ಜೊತಿಗೆ ಒಂದು ಸಣ್ಣ ಕೂಸಿನ್ನ ಹಚ್ಚತಾರ. ಅಷ್ಟು ಸಣ್ಣ ಕೂಸು ಏನು ಕಾಯತೈತಿ ಅಂತ ನೀವು ಕೇಳಬಹುದು. ಕಾಯೂದಿಲ್ರಿ, ಬಂದು ಹೇಳತೈತಿ. ಲಗ್ನಕ್ಕ ಮೊದಲ ನನ್ನ ಬೆನ್ನ ಹಿಂದನೂ ಹಿಂಗ ಒಬ್ಬ ತಮ್ಮ ಇದ್ದ. ಅವನ ಬಾಯಿ ಮುಚ್ಚಾಕ ನಾ ಎಷ್ಟು ಪೇಪರಮೆಂಟ್ ತಿನಿಸೇನಿ ಅಂದ್ರ, ಇವತ್ತು ಅವನ ದವಡಿ ಹಲ್ಲು ಹುಳಕಾಗಿದ್ದು ಪೂರಾ ನನ್ನ ದೆಸಿಯಿಂದ.

ಇಲ್ಲಿ ಹರೇದಾಕಿ ಅಂದ್ರ ನನ್ನ ನಾದಿನಿ ರೇಣುಕಾ. ಕಾಲೇಜಿನ ಹುಡುಗ್ಯಾರ ಫುಟ್‌ಬಾಲ್ ಟೀಮಿನ ಗೋಲ್‌ಕೀಪರ್. ಮನ್ಯಾಗ ಆಟಕ್ಕ ಒಪ್ಪಿಗಿ ತಗೊಳ್ಳಾಕ ಅವರವ್ವನ ಮುಂದ ಏನು ಹೇಳಿದ್ದಳು ಕೇಳ್ರಿ: "ನಂದು ಓಡೂದಿಲ್ಲ, ಒದಿಯೂದಿಲ್ಲ ಅವ್ವ. ಬಾಗಲದಾಗ ನಿಂದ್ರೂದು ಅಷ್ಟ. ಬ್ಯಾಂಕಿನ ವಾಚ್‌ಮನ್ ನಿಂತಂಗ." ನಮ್ಮತ್ತಿಗೆ ಬ್ಯಾಂಕ್ ಅಂದ್ರ ಭಾಳ ಮರ್ಯಾದಿ. ಒಪ್ಪಿದ್ಳು.

ನಮ್ಮತ್ತಿಗೆ ಅಂಜಿಕಿ ಇದ್ದದ್ದು ಒಂದ, ಬೀಳೂದರದ್ದು. ಹರೇದಾಗ ಅಕಿ ಪಣಜಿಯೊಳಗ ಕಟ್ಟಡದ ಕೆಲಸಕ್ಕ ಹೋಗ್ತಿದ್ಳು. ಒಂದಿನ ತಲಿ ಮ್ಯಾಲೆ ಸಿಮೆಂಟಿನ ಪುಟ್ಟಿ ಹೊತ್ತಕೊಂಡು ಹಲಗಿ ಮ್ಯಾಲಿಂದ ಬಿದ್ಳು. ಕೆಲಸ ಮಾಡಸೂ ಮುಕಾದಮ ಬಿದ್ದಾಕಿನ್ನ ಬಿಟ್ಟು, ಚೆಲ್ಲಿದ ಸಿಮೆಂಟಿನ ಸಲುವಾಗಿ ಬೈದನಂತ. ಯಾರೂ ಎಬ್ಬಸಾಕ ಬರಲಿಲ್ಲಂತ. ಅವತ್ತಿನಿಂದ ಅಕಿ ಎಡಗೈ ಪೂರಾ ಸೀದಾ ಆಗೂದಿಲ್ಲ. ಹಿಂಗಾಗಿ ಆ ಐತವಾರ ಚಿನ್ನಿಗೆ ಜಡಿ ಹಾಕ್ಕೋತ, ಜಡಿಗಿಂತ ಬಿಗಿಯಾಗಿ ಹೇಳಿದ್ಳು: "ರೇಣತ್ತಿ ಬಿದ್ದರ ನನಗ ಬಂದು ಹೇಳು." ಆಮ್ಯಾಲೆ ನಮ್ಮ ಕಡೆ ತಿರುಗಿ, "ಬಿದ್ದಳಂತ ಕೂಸು ಹೇಳಿದ್ರ ಅವತ್ತಿಗೆ ಆಟ ಬಂದ್. ಕೈಕಾಲು ಮುರಕೊಂಡಾಕಿನ್ನ ಯಾವಾಂವ ಮಾಡ್ಕೋತಾನ" ಅಂದ್ಳು. ನಮ್ಮತ್ತಿ ಬಂದ್ ಅಂದ್ರ ಬಂದ್.

ಬಸ್ಸಿನ್ಯಾಗ ರೇಣುಕಾನ ಮಾರಿ ಬಾಡಿತ್ತು. "ವೈನಿ, ಬೀಳದ ಹೆಂಗ ಆಡ್ಲಿ? ಬೀಳೂದ ನನ್ನ ಕೆಲಸ. ಇದೊಂದು ಬಿಟ್ರ ನನಗ ಬ್ಯಾರೆ ಏನೂ ನೆಟ್ಟಗ ಬರೂದಿಲ್ಲ" ಅಂದ್ಳು. ಖರೇನ ಹೇಳಿದ್ಳು, ಅಕಿ ಮಾಡಿದ ಚಹಾ ನಾ ಕುಡದೇನಿ. "ನೀ ಬೇಕಾದಷ್ಟು ಬೀಳು. ಚಿನ್ನಿನ್ನ ನಾ ನೋಡ್ಕೋತೇನಿ" ಅಂದೆ. ಭಾರಿ ಶಾಣ್ಯಾಕಿ ನಾನು.

ಮೈದಾನ ನೋಡಿ ಚಿನ್ನಿ ಮೆಟ್ಟಲದಾಗ ನಿಂತ ಬಿಟ್ಟಳು. ಝುವಾರಿನಗರದಾಗ ಹುಟ್ಟಿದ ಕೂಸು, ಅಲ್ಲಿ ಒಂದು ಮನಿ ಗ್ವಾಡಿಗೆ ಇನ್ನೊಂದು ಮನಿ ಹತ್ತಿರತೈತಿ. "ಅವ್ವ, ಇಷ್ಟು ಜಾಗಾ ಖಾಲಿ ಬಿಟ್ಟಾರಲ್ಲ, ಯಾಕ ಯಾರೂ ಮನಿ ಕಟ್ಟಿಲ್ಲ?" ಅಂತ ಕೇಳಿದ್ಳು. ಆಟ ಚಾಲೂ ಆದ ಮ್ಯಾಲೆ, ಅಷ್ಟು ಮಂದಿಗೆ ಒಂದ ಚೆಂಡು ಯಾಕ ಅಂತ ಕೇಳಿದ್ಳು. ಕರೀ ಅಂಗಿ ಕಾಕಾ ಸೀಟಿ ತಾನೊಬ್ಬನ ಇಟ್ಕೊಂಡಾನ, ಬ್ಯಾರೆಯವರಿಗೆ ಯಾವಾಗ ಕೊಡ್ತಾನ ಅಂತ ಕೇಳಿದ್ಳು. ಸೀಟಿ ಸಿಗದ ಹುಡುಗ್ಯಾರ ಮ್ಯಾಲೆ ಅಕಿಗೆ ಭಾಳ ಕನಿಕರ.

ಚೆಂಡು ನಮ್ಮ ಗೋಲಿನ ಕಡೆ ಬಂದಾಗೊಮ್ಮೆ ನಾ ಬ್ಯಾರೆ ಕಡೆ ಕೈ ಮಾಡ್ತಿದ್ದೆ. "ಅಲ್ಲಿ ನೋಡು, ಹದ್ದು." "ಅಲ್ಲಿ ನೋಡು, ಐಸ್ ಕ್ಯಾಂಡಿ." ಹದ್ದು ಹಾರಿ ಹೋತು. ಕ್ಯಾಂಡಿ ಕೊಡಿಸಿದ್ರ ಕ್ಯಾಂಡಿ ಚೀಪ್ಕೋತ ಗೋಲಿನ ಕಡೆನ ನೋಡಾಕತ್ತಿದ್ಳು. ರೇಣುಕಾ ಬಿದ್ಳು. ಮತ್ತ ಬಿದ್ಳು. ಎಡಕ್ಕ ಬಿದ್ಳು, ಬಲಕ್ಕ ಬಿದ್ಳು, ಒಮ್ಮೆ ಎರಡೂ ಟೀಮಿನ ಹುಡುಗ್ಯಾರ ಕಾಲಾಗ ಹೋಗಿ ಬಿದ್ಳು. ಬಾಜೂಕ ಛತ್ರಿ ಹಿಡಕೊಂಡು ಕುಂತಿದ್ದ ಒಬ್ಬಾಕಿ ಗೋವಾದ ಬಾಯಿ, "ಗೋಲ್‌ಕೀಪರ್ ತುಮಚಿ?" ಅಂತ ಕೇಳಿದ್ಳು. ಹೌದು, ನಮ್ಮಾಕಿನ ಅಂದೆ. "ಬರೆಂ ಖೆಳ್ಟಾ" ಅಂದ್ಳು. ಚಲೋ ಆಡ್ತಾಳಂತ. ಆಗ ನನಗ ಆಗಿದ್ದ ಹಿಗ್ಗು, ನನ್ನ ಲಗ್ನದಾಗೂ ಆಗಿರಲಿಲ್ಲ. ಇದನ್ನ ಯಜಮಾನರಿಗೆ ಹೇಳಬ್ಯಾಡ್ರಿ.

ಕಡೀಕ ಕಡೀಕ ಎದುರಿನ ಟೀಮಿಗೆ ಪೆನಾಲ್ಟಿ ಸಿಕ್ಕತು. ಅವರದೊಬ್ಬಾಕಿ ಒದಿಬೇಕು, ರೇಣುಕಾ ಒಬ್ಬಾಕಿನ ತಡೀಬೇಕು. ಕೂಸು, ಕಾವಲು, ಅತ್ತಿ ಎಲ್ಲಾ ನನ್ನ ತಲಿಯಿಂದ ಹಾರಿ ಹೋತು. ಸಿಮೆಂಟ್ ಕಟ್ಟಿ ಮ್ಯಾಲೆ ಹತ್ತಿ ನಿಂತು, ಸೆರಗು ಸೊಂಟಕ್ಕ ಸಿಗಿಸಿ, ಹೊಟ್ಟಿ ಹರಕೊಂಡು ಒದರಿದೆ: "ಬೀಳು ರೇಣಿ, ಬೀಳು."

ಬಿದ್ಳು ನೋಡ್ರಿ, ಉದ್ದಕ್ಕ. ಚೆಂಡು ಅಕಿ ಎದಿಯೊಳಗಿತ್ತು. ನಾನು ಆ ಛತ್ರಿ ಬಾಯಿನ್ನ ಅಪ್ಕೊಂಡು ಕುಣದೆ. ಕುಣಿಯೂದು ಮುಗದ ಮ್ಯಾಲೆ ಕೆಳಗ ನೋಡಿದೆ. ಚಿನ್ನಿ ಕ್ಯಾಂಡಿ ಕಡ್ಡಿ ಬಾಯಾಗ ಇಟ್ಕೊಂಡು ನನ್ನ ಮಾರಿ ನೋಡಾಕತ್ತಿದ್ಳು.

ವಾಪಸ್ ಬಸ್ಸಿನ್ಯಾಗ, ಅತ್ತಿ ಮುಂದ ಏನು ಹೇಳಬೇಕಂತ ಚಿನ್ನಿಗೆ ಪಾಠ ಹೇಳಿದೆ. "ಆಯಿ ಕೇಳಿದ್ರ ಏನಂತಿ?" "ರೇಣತ್ತಿ ಬಿದ್ದಿಲ್ಲ ಅಂತೇನಿ." ಮತ್ತ ಕೇಳಿದೆ, ಮತ್ತ ಹಂಗ ಹೇಳಿದ್ಳು. ಪಾಠ ಪಕ್ಕಾ ಆತಂತ ನಾನೂ ರೇಣುಕಾನೂ ಒಬ್ಬರ ಮಾರಿ ಒಬ್ಬರು ನೋಡ್ಕೊಂಡು ನಕ್ವಿ.

ಅತ್ತಿ ಬಾಗಲದಾಗ ಕುಂತು ಮೆಂತೇಪಲ್ಲೆ ಸೋಸಾಕತ್ತಿದ್ಳು. ಇನ್ನೂ ಕೇಳಿರಲಿಲ್ಲ, ಚಿನ್ನಿ ಓಡಿ ಹೋಗಿ ಹೇಳಿ ಬಿಟ್ಟಳು: "ಆಯಿ, ರೇಣತ್ತಿ ಭಾಳ ಭಾಳ ಬಿದ್ಳು. ಅವ್ವ ಮ್ಯಾಲೆ ನಿಂತು ಬೀಳು, ಬೀಳು ಅಂತಿದ್ಳು."

ರೇಣುಕಾ ಬೂಟು ಕೈಯಾಗ ಹಿಡಕೊಂಡು ಹೊಸ್ತಿಲ ಹೊರಗ ನಿಂತ ಬಿಟ್ಟಳು. ಆ ಬೂಟು ಇನ್ನ ಅಟ್ಟಕ್ಕ ಹೋದಂಗ ಅಂತ ಅಕಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅತ್ತಿ ಅಕಿನ್ನ ನೋಡಲಿಲ್ಲ, ಕೂಸಿನ್ನ ಕೇಳಿದ್ಳು: "ಬಿದ್ದಾಗ ಯಾರು ಎಬ್ಬಿಸಿದ್ರು?"

"ಯಾರೂ ಇಲ್ಲ."

"ಒಬ್ಬರೂ ಇಲ್ಲ?"

"ಇಲ್ಲ. ತಾನ ಎದ್ಳು. ಎದ್ದು ಮಣ್ಣು ಝಾಡಿಸಿಕೊಂಡು ನಕ್ಕಳು."

ಅತ್ತಿ ಪಲ್ಲೆ ಬುಟ್ಟಿ ಕೆಳಗ ಇಟ್ಟಳು. ಬಲಗೈಲೆ ಎಡಗೈ ಮೊಣಕೈ ತಿಕ್ಕಿಕೊಂಡಳು. ಆಮ್ಯಾಲೆ ಸಿಟ್ಟು ಬಂತು, ಮಗಳ ಮ್ಯಾಲಲ್ಲ, ನನ್ನ ಮ್ಯಾಲೆ. "ಅಷ್ಟು ಮಂದಿ ಕಲ್ಲಿನಂಗ ಕುಂತು ನೋಡಿದ್ರ್ಯಾ? ಹೆಣ್ಣುಮಗಳು ಬಿದ್ರ ಹೋಗಿ ಕೈ ಕೊಡೂದು ತಿಳೀಲಿಲ್ಲ ನಿನಗ?" ಹಂಗ ಮೈದಾನದ ಒಳಗ ಹೋಗಾಕ ಬಿಡೂದಿಲ್ಲ ಅಂತ ಹೇಳಾಕ ಹೋದೆ. ಕೇಳಬೇಕಲ್ಲ. "ಮುಂದಿನ ಸಲ ನಾನ ಬರ್ತೇನಿ. ನನಗ ಯಾವಾಂವ ಬಿಡೂದಿಲ್ಲ ನೋಡ್ತೇನಿ" ಅಂದ್ಳು. ಮುಂದಿನ ಸಲ ಅಂದ್ರ ಮುಂದೂ ಆಟ ಐತಿ ಅಂತಾತಲ್ಲ. ಹೊಸ್ತಿಲದಾಗ ರೇಣುಕಾ ಅಳಾಕ ಚಾಲೂ ಮಾಡಿದ್ಳು.

ಬಂದಳ್ರಿ ನಮ್ಮತ್ತಿ, ಇಳಕಲ್ ಸೀರಿ ಉಟ್ಕೊಂಡು. ರೇಣುಕಾ ಮೊದಲ ಸಲ ಬಿದ್ದದ್ದ ತಡ, ಅತ್ತಿ ಎದ್ದು ಒಂದು ಮೆಟ್ಟಲ ಇಳದ ಬಿಟ್ಟಳು. ಚಿನ್ನಿ ಅಕಿ ಕೈ ಹಿಡಕೊಂಡು, "ಆಯಿ, ಕೂಡು. ಜರಾ ತಡಿ, ತಾನ ಏಳ್ತಾಳ" ಅಂದ್ಳು. ರೇಣುಕಾ ಎದ್ಳು. ಅತ್ತಿ ಕುಂತ್ಳು. ಅಕಿ ಕಣ್ಣಾಗ ನೀರಿತ್ತು. ನನಗೂ ಬಂತು, ಮುಚ್ಚಿಡೂದು ಯಾಕ.

ರೇಣುಕಾ ಈಗ ಒಂದು ಸಾಲಿಯೊಳಗ ಆಟ ಕಲಸ್ತಾಳ. ಮದಿವಿನೂ ಆಗೇತಿ, ಮಾಡಿಕೊಂಡಾಂವ ಕೈಕಾಲು ಎಣಿಸಿ ನೋಡಲಿಲ್ಲ. ಚಿನ್ನಿಗೆ ಹತ್ತು ವರ್ಷ, ನಾಳೆ ಸಾಲಿ ಟೀಮಿನ್ಯಾಗ ಅಕಿ ಮೊದಲನೇ ಮ್ಯಾಚ್. ನಿನ್ನೆ ಸಂಜಿಮುಂದ ನಡುಮನ್ಯಾಗ ಹಾಸಿಗಿ ಹಾಸಿ, ಅದರ ಮ್ಯಾಲೆ ಧಡ್ ಅಂತ ಬಿದ್ದು ಬಿದ್ದು ಕಲಿಯಾಕತ್ತಿದ್ಳು. ಆ ಸಪ್ಪಳ ಅಡಗಿಮನಿಗೂ ಕೇಳತಿತ್ತು. ಅತ್ತಿನ್ನ ಇಷ್ಟು ವರ್ಷ ಆಡಿಕೊಂಡು ನಕ್ಕಾಕಿ ನಾನು, ಓಡಿ ಹೋಗಿ ರಟ್ಟಿ ಹಿಡದು ಎಬ್ಬಿಸಿದೆ. ಚಿನ್ನಿಗೆ ಸಿಟ್ಟು ಬಂತು. "ಮ್ಯಾಚಿಗೆ ನೀ ಬರೂದಾದ್ರ ಬಾ. ಆದ್ರ ನಾ ಬಿದ್ರ ಒಳಗ ಓಡಿ ಬರಬಾರ್ದು" ಅಂದ್ಳು. ಬರೂದಿಲ್ಲ ಅಂತ ಮಾತು ಕೊಟ್ಟೇನಿ. ಚಿನ್ನಿ ನನ್ನ ನಂಬಿಲ್ಲ. ಆಯಿನ್ನ ನನ್ನ ಜೊತಿ ಕಾವಲಿಗೆ ಹಚ್ಯಾಳ.